ಯಾವ ಮಕ್ಕಳ ಜೊತೆ ಹೋಲಿಸಿ ಈ ಅಂಕ ಬರೆದಿರಿ?

ಇವರಿಗೆ,
ಮಾನ್ಯ ಕಾರ್ಯದರ್ಶಿಗಳು,
ದಿವ್ಯಾಂಗ ಕಲ್ಯಾಣ ಇಲಾಖೆ ಹಾಗೂ ಶಾಲಾ ಶಿಕ್ಷಣ ಇಲಾಖೆ,
ಮಹಾರಾಷ್ಟ್ರ ಸರ್ಕಾರ, ಮುಂಬೈ.

ವಿಷಯ: ಕನ್ನಡ ಮನೆಮಾತಿನ ಹಾಗೂ ಕನ್ನಡ ಮಾಧ್ಯಮದ ಮಕ್ಕಳಿಗೆ ನಡೆಸುತ್ತಿರುವ ಬುದ್ಧಿಮತ್ತೆ ಪರೀಕ್ಷೆಗಳ ಬಗ್ಗೆ.

ಮಾನ್ಯರೇ,

ಮುಂಬೈ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಈಗ ವಾಸ ಡೊಂಬಿವಲಿಯಲ್ಲಿ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ತಪಾಸಣೆಗೆ ಕರೆದೊಯ್ಯಬೇಕಾದಾಗ ನಮ್ಮ ಕಡೆಯ ತಂದೆತಾಯಿಗಳು ನನ್ನನ್ನೂ ಜೊತೆಗೆ ಕರೆಯುತ್ತಾರೆ. ಮರಾಠಿ, ಹಿಂದಿ ಎರಡೂ ಬರುತ್ತವೆ, ಸರ್ಕಾರಿ ಅರ್ಜಿಗಳನ್ನು ಕಂಡರೆ ಹೆದರಿಕೆಯಿಲ್ಲ, ಆದ್ದರಿಂದ ಹೋಗುತ್ತೇನೆ. ಅಲ್ಲಿ ಕಂಡದ್ದನ್ನು ತಮ್ಮ ಮುಂದಿಡಲು ಈ ಪತ್ರ. ಇದರ ಮರಾಠಿ ಪ್ರತಿಯನ್ನು ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯುತ್ತಿರುವುದು ನಮ್ಮವರೂ ಓದಲಿ ಎಂದು. ಅವರಿಗೂ ಕೊನೆಯಲ್ಲಿ ಒಂದೆರಡು ಮಾತುಗಳಿವೆ.

ಮೊದಲೇ ಹೇಳಿಬಿಡುತ್ತೇನೆ: ಇದು ಯಾವುದೋ ಒಂದು ಕೇಂದ್ರದ ಮೇಲಿನ ದೂರಲ್ಲ. ಅದರ ಹೆಸರನ್ನೂ ಮಕ್ಕಳ ಗುರುತನ್ನೂ ಇಲ್ಲಿ ಬರೆಯುವುದಿಲ್ಲ. ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಬರೆಯುವುದಿಲ್ಲ, ಏಕೆಂದರೆ ಅವು ಹೊರಗೆ ಬಂದರೆ ಮುಂದಿನ ಮಗುವಿನ ಪರೀಕ್ಷೆ ಕೆಡುತ್ತದೆ ಎಂಬುದು ನನಗೆ ಗೊತ್ತು.

ನಾನು ಹೀಗೆ ಜೊತೆಗೆ ಹೋದ ಒಬ್ಬ ಹುಡುಗನಿಗೆ ಒಂಬತ್ತು ವರ್ಷ. ತಂದೆತಾಯಿ ಯಾದಗಿರಿ ಜಿಲ್ಲೆಯಿಂದ ಬಂದು ನವಿ ಮುಂಬೈಯಲ್ಲಿ ಕಟ್ಟಡದ ಕೆಲಸ ಮಾಡುವವರು. ಅದಕ್ಕೆ ಮುಂಚೆ ಪುಣೆಯ ಹಿಂಜವಡಿ ಕಡೆ ಇದ್ದರು, ಅದಕ್ಕೂ ಮುಂಚೆ ಗೋವಾದ ವಾಸ್ಕೋದಲ್ಲಿ. ಒಂದು ಕಟ್ಟಡ ಎದ್ದು ನಿಂತ ಮೇಲೆ ಇವರ ತಗಡಿನ ಶೆಡ್ಡು ಮುಂದಿನ ಊರಿಗೆ ಹೋಗುತ್ತದೆ, ಮಗುವಿನ ಶಾಲೆ ಹಿಂದಿನ ಊರಿನಲ್ಲೇ ಉಳಿಯುತ್ತದೆ. ಮನೆಯಲ್ಲಿ ಕನ್ನಡ, ಶೆಡ್ಡುಗಳ ಸಾಲಿನಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ. ಮೂರನೇ ತರಗತಿಯಲ್ಲಿ ಕುಳಿತಿದ್ದರೂ ಓದಲು ಬರುತ್ತಿರಲಿಲ್ಲ. ಶಾಲೆಯವರು ತಪಾಸಣೆ ಮಾಡಿಸಿಕೊಂಡು ಬನ್ನಿ ಎಂದರು. ಅದರಲ್ಲಿ ತಪ್ಪೇನೂ ಇಲ್ಲ.

ಪರೀಕ್ಷೆ ನಡೆಸಿದವಳು ಚಿಕ್ಕ ವಯಸ್ಸಿನ ಮನಶ್ಶಾಸ್ತ್ರಜ್ಞೆ. ಹೊರಗೆ ಬೆಂಚಿನ ತುಂಬ ಮಕ್ಕಳು, ಒಳಗೆ ಒಂದೇ ಮೇಜು. ಆಕೆ ಮಗುವಿನ ಜೊತೆ ಮೃದುವಾಗಿಯೇ ಮಾತನಾಡಿದಳು. ಹಿಂದಿಯಲ್ಲಿ ಪ್ರಶ್ನೆ ಕೇಳಿದಳು, ಹುಡುಗ ತಲೆ ತಗ್ಗಿಸಿದ. ಮತ್ತೆ ಕೇಳಿದಳು, ಅವನು ತಾಯಿಯ ಮುಖ ನೋಡಿದ. ಆಗ ನನ್ನತ್ತ ತಿರುಗಿ, ಸ್ವಲ್ಪ ಕನ್ನಡದಲ್ಲಿ ಕೇಳಿಬಿಡಿ ಆಂಟಿ ಎಂದಳು. ನಾನು ಕೇಳಿದೆ. ನನ್ನದು ಉಡುಪಿ ಕಡೆಯ ಕನ್ನಡ, ಹುಡುಗನದು ಯಾದಗಿರಿಯ ಕನ್ನಡ. ನಾನು ಎಲ್ಲಿ ಒತ್ತು ಕೊಟ್ಟೆ, ಯಾವ ಮಾತನ್ನು ಬಿಡಿಸಿ ಹೇಳಿದೆ, ಎಲ್ಲಿ ಸುಳಿವು ಕೊಟ್ಟಂತಾಯಿತು ಎಂಬುದು ಆಕೆಗೆ ತಿಳಿಯುವಂತಿರಲಿಲ್ಲ. ಸತತವಾಗಿ ಕೆಲವು ಉತ್ತರಗಳು ತಪ್ಪಿದರೆ ಆ ಭಾಗವನ್ನು ಅಲ್ಲಿಗೇ ನಿಲ್ಲಿಸಬೇಕೆಂಬ ನಿಯಮ ಈ ಪರೀಕ್ಷೆಗಳಲ್ಲಿದೆ. ಹುಡುಗ ಮಾತಿಗೆ ಹೊಂದಿಕೊಳ್ಳುವಷ್ಟರಲ್ಲಿ ಎರಡು ಭಾಗಗಳು ಮುಗಿದೇ ಹೋಗಿದ್ದವು. ಆಮೇಲೆ ಕೆಂಪು ಬಿಳಿ ಬಣ್ಣದ ಘನಗಳನ್ನು ಮುಂದಿಟ್ಟು ಗಡಿಯಾರದ ಗುಂಡಿ ಒತ್ತಿದಳು. ಅವನು ಮೊದಲು ಅವುಗಳನ್ನು ತಿರುಗಿಸಿ ನೋಡಿ, ಮೂಸಿ, ಇವು ಯಾವುದರಿಂದ ಮಾಡಿದ್ದು ಎಂದು ನನ್ನನ್ನು ಕೇಳಿದ. ಗಡಿಯಾರ ಓಡುತ್ತಲೇ ಇತ್ತು.

ವರದಿ ಬಂತು. ಬುದ್ಧಿಸೂಚ್ಯಂಕ 66, ಸೌಮ್ಯ ಬೌದ್ಧಿಕ ಅಂಗವೈಕಲ್ಯ. ಪರೀಕ್ಷೆಯ ಭಾಷೆ: ಹಿಂದಿ. ನಡುವೆ ನಿಂತು ಭಾಷಾಂತರಿಸಿದವಳೊಬ್ಬಳು ಇದ್ದಳೆಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಹುಡುಗನ ಮನೆಮಾತು ಕನ್ನಡ ಎಂಬುದೂ ಇಲ್ಲ. ಹೊರಗೆ ಬಂದಾಗ ತಂದೆ ಕಾಗದವನ್ನು ಬೆಳಕಿಗೆ ಹಿಡಿದು ನನ್ನನ್ನು ಕೇಳಿದ್ದು ಇಷ್ಟೇ: ‘ಅಕ್ಕೋರೇ, ನೂರಕ್ಕೆ ಅರವತ್ತಾರು ಬಂದಿದೆ, ಅಂದರೆ ಫಸ್ಟ್ ಕ್ಲಾಸ್ ಅಲ್ಲವೇ?’

ಆ ಹುಡುಗ ಒಳಗೊಳಗೇ ಮಹಾ ಬುದ್ಧಿವಂತ, ಪರೀಕ್ಷೆ ಅವನನ್ನು ಗುರುತಿಸಲಿಲ್ಲ ಎಂದು ವಾದಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಅವನಿಗೆ ನಿಜವಾಗಿಯೂ ತೊಂದರೆ ಇದ್ದರೂ ಇರಬಹುದು. ಕಿವಿ ಮಂದವಿರಬಹುದು, ಓದಿನದ್ದೇ ಪ್ರತ್ಯೇಕ ನ್ಯೂನತೆ ಇರಬಹುದು, ಅಥವಾ ವರದಿ ಹೇಳಿದ್ದೇ ಸರಿಯಿರಬಹುದು. ಇವುಗಳಲ್ಲಿ ಯಾವುದು ನಿಜ ಎಂದು ತಿಳಿಸುವ ಶಕ್ತಿ ಆ 66ಕ್ಕೆ ಇರಲಿಲ್ಲ ಎಂಬುದೇ ನನ್ನ ತಕರಾರು.

ಬುದ್ಧಿಸೂಚ್ಯಂಕ ಎಂಬುದು ಜ್ವರದ ಅಳತೆಯ ಹಾಗೆ ತಾನಾಗಿ ನಿಲ್ಲುವ ಅಂಕಿಯಲ್ಲ. ಒಂದೊಂದು ವಯಸ್ಸಿನ ಮಕ್ಕಳ ದೊಡ್ಡ ಗುಂಪೊಂದನ್ನು ಪರೀಕ್ಷಿಸಿ, ಅವರ ಸರಾಸರಿಯನ್ನು 100 ಎಂದು ಇಟ್ಟು, ಏರಿಳಿತದ ಪ್ರಮಾಣವನ್ನು 15 ಎಂದು ನಿಗದಿ ಮಾಡುತ್ತಾರೆ. 70 ಎಂದರೆ ಅಂಥ ಎರಡು ಪ್ರಮಾಣ ಕೆಳಗೆ. ಆ ಗುಂಪಿನಲ್ಲಿ ನೂರಕ್ಕೆ ಸುಮಾರು ಇಬ್ಬರು ಮಾತ್ರ ಅದಕ್ಕಿಂತ ಕೆಳಗಿರುತ್ತಾರೆ. ಹಾಗಾಗಿ ಅಂಕಿಯ ಅರ್ಥವೆಲ್ಲ ಆ ಗುಂಪಿನಲ್ಲಿದೆ. ನಮ್ಮ ಹುಡುಗನನ್ನು ಯಾವ ಮಕ್ಕಳ ಪಕ್ಕದಲ್ಲಿ ನಿಲ್ಲಿಸಿದಿರಿ? ಯಾವ ವರ್ಷದ, ಯಾವ ಊರಿನ, ಯಾವ ಭಾಷೆಯ ಮಕ್ಕಳು? ವರದಿ ಇದನ್ನು ಹೇಳುವುದಿಲ್ಲ. ಜಗತ್ತಿನಾದ್ಯಂತ ವೈದ್ಯರು ಬಳಸುವ ಡಿಎಸ್‌ಎಂ-5 ಎಂಬ, ಮಾನಸಿಕ ತೊಂದರೆಗಳನ್ನು ಗುರುತಿಸುವ 2013ರ ಕೈಪಿಡಿಯೇ ಇಂಥ ಅಂಕಕ್ಕೆ ಆಚೀಚೆ 5ರಷ್ಟು ತಪ್ಪಿನ ಅಂತರ ಇಟ್ಟುಕೊಳ್ಳಬೇಕೆನ್ನುತ್ತದೆ. ಅಂಗವೈಕಲ್ಯ ಎಷ್ಟು ತೀವ್ರ ಎಂಬುದನ್ನು ದಿನನಿತ್ಯದ ಬದುಕನ್ನು ಮಗು ಹೇಗೆ ನಿಭಾಯಿಸುತ್ತದೆ ಎಂಬುದರಿಂದ ತೀರ್ಮಾನಿಸಬೇಕು, ಅಂಕದಿಂದಲ್ಲ ಎಂದೂ ಅದು ಹೇಳುತ್ತದೆ. ಆ ಅಂತರವನ್ನು ಸೇರಿಸಿದರೆ ಹುಡುಗನ ಅಂಕ 61ರಿಂದ 71. ಬೌದ್ಧಿಕ ಅಂಗವೈಕಲ್ಯದ ಗೆರೆಯಾದ 70 ಇರುವುದು ಅದರ ಒಳಗೇ. ಭಾಷೆಯ ಪೆಟ್ಟನ್ನು ನಾನಿನ್ನೂ ಲೆಕ್ಕಕ್ಕೇ ಹಿಡಿದಿಲ್ಲ.

ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿಬಿಟ್ಟರೆ ಸಾಕಲ್ಲ ಎಂದು ತಮ್ಮ ಅಧಿಕಾರಿಗಳು ಕೇಳಬಹುದು. ಸಾಲದು. ಪರೀಕ್ಷೆಯೊಂದರಲ್ಲಿ ಅಂಕಿಗಳನ್ನು ಒಂದರ ಹಿಂದೊಂದು ಹೇಳಿ ಮಗುವಿನಿಂದ ಮರಳಿ ಹೇಳಿಸುವ ಭಾಗ ಇರುತ್ತದೆ. ಇದಕ್ಕಿಂತ ಸುಲಭವಾಗಿ ಕನ್ನಡಕ್ಕೆ ಬರುವ ಭಾಗ ಇನ್ನಾವುದು? ಆದರೆ ಮರಾಠಿಯ ಏಕ್, ತೀನ್, ಚಾರ್, ಪಾಚ್, ಸಾತ್, ಆಠ್ ಒಂದೊಂದು ಬಡಿತದಲ್ಲಿ ಮುಗಿಯುತ್ತವೆ. ಕನ್ನಡದ ಒಂದು, ಮೂರು, ನಾಲ್ಕು, ಐದು, ಏಳು, ಎಂಟಕ್ಕೆ ಎರಡೆರಡು ಬೇಕು, ಒಂಬತ್ತಕ್ಕೆ ಮೂರು. ಬ್ರಿಟನ್ನಿನ ವೇಲ್ಸ್‌ನಲ್ಲಿ ಇದೇ ಸಮಸ್ಯೆ ಎದುರಾಗಿತ್ತು. 1980ರಲ್ಲಿ ಎಲ್ಲಿಸ್ ಮತ್ತು ಹೆನ್ನೆಲಿ ಎಂಬ ಸಂಶೋಧಕರು ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರನ್ನೇ ಕೂರಿಸಿಕೊಂಡು ನೋಡಿದರು. ಅದೇ ಜನ ಇಂಗ್ಲಿಷಿನಲ್ಲಿ ಹೆಚ್ಚು ಅಂಕಿಗಳನ್ನು ನೆನಪಿಟ್ಟುಕೊಂಡರು, ವೆಲ್ಷ್‌ನಲ್ಲಿ ಕಡಿಮೆ. ವೆಲ್ಷ್ ಅಂಕಿಗಳನ್ನು ಉಚ್ಚರಿಸಲು ಹೆಚ್ಚು ಹೊತ್ತು ಹಿಡಿಯುತ್ತದೆ, ಹಾಗಾಗಿ ನೆನಪಿನಲ್ಲಿ ಉಳಿಯುವುದು ಕಡಿಮೆ, ಅಷ್ಟೇ. ಮಕ್ಕಳ ಬುದ್ಧಿಗೂ ಅದಕ್ಕೂ ಸಂಬಂಧವಿರಲಿಲ್ಲ. ಅಂಕಿ ಹೇಳುವಂಥ ಭಾಗದಲ್ಲೇ ಹೀಗಾದರೆ ಮಾತಿನ ಅರ್ಥ, ಲೋಕಜ್ಞಾನ, ಹೋಲಿಕೆ ಕೇಳುವ ಭಾಗಗಳ ಗತಿಯನ್ನು ತಾವೇ ಊಹಿಸಬಹುದು.

ಈಗಿನ ಪ್ರಶ್ನೆಗಳನ್ನು ಬರೆಯುವುದಿಲ್ಲ ಎಂದೆ. ಆದರೆ 1916ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ತಮ್ಮ ಬುದ್ಧಿಮತ್ತೆ ಪರೀಕ್ಷೆಯ ಕೈಪಿಡಿಯಲ್ಲಿ ಅಚ್ಚು ಹಾಕಿಸಿದ ಪ್ರಶ್ನೆಯೊಂದು ನೂರು ವರ್ಷಗಳಿಂದ ಎಲ್ಲರಿಗೂ ತೆರೆದೇ ಇದೆ: ಶಾಲೆಗೆ ಹೊರಡುವಾಗ ಮಳೆ ಬರುತ್ತಿದ್ದರೆ ಏನು ಮಾಡಬೇಕು? ಛತ್ರಿ ಒಯ್ಯುತ್ತೇನೆ, ಮಳೆಯ ಕೋಟು ಹಾಕಿಕೊಳ್ಳುತ್ತೇನೆ ಎಂಬಂಥ ಉತ್ತರಗಳನ್ನು ಆ ಕೈಪಿಡಿ ಒಪ್ಪುತ್ತದೆ. ಮನೆಯಲ್ಲೇ ಇರುತ್ತೇನೆ ಎಂದರೆ ಅಂಕವಿಲ್ಲ. ಮಾನ್ಯರೇ, ಜುಲೈ ತಿಂಗಳಲ್ಲಿ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟ ಕೂಡಲೇ ಶಾಲೆಗಳಿಗೆ ರಜೆ ಸಾರುವುದು ತಮ್ಮದೇ ಸರ್ಕಾರ. ಮುಂಬೈಯ ಮಗು ಮನೆಯಲ್ಲೇ ಇರುತ್ತೇನೆ ಎಂದರೆ ಅದಕ್ಕಿಂತ ವಿವೇಕದ ಉತ್ತರ ಇನ್ನೊಂದಿಲ್ಲ. 2005ರ ಜುಲೈ 26ರಂದು ಈ ಊರಿನಲ್ಲಿದ್ದವರಾರೂ ಅದನ್ನು ತಪ್ಪೆನ್ನಲಾರರು.

ಹಾಗಿದ್ದರೆ ಮಾತೇ ಬೇಡ, ಚಿತ್ರ ಮತ್ತು ಘನಗಳ ಪರೀಕ್ಷೆಯನ್ನಷ್ಟೇ ಕೊಡೋಣ, ಅದಕ್ಕೆ ಸಂಸ್ಕೃತಿಯ ಹಂಗಿಲ್ಲ ಎನ್ನುವವರು ಬಹಳ ಮಂದಿ ಇದ್ದಾರೆ. ನನ್ನ ಮಟ್ಟಿಗೆ ಇದು ಇನ್ನೂ ಅಪಾಯದ ನಂಬಿಕೆ, ಏಕೆಂದರೆ ನೋಡಲು ನ್ಯಾಯವಾಗಿ ಕಾಣುತ್ತದೆ. ರಾಬರ್ಟ್ ಸರ್ಪೆಲ್ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಾಂಬಿಯಾದ ಮಕ್ಕಳಿಗೂ ಇಂಗ್ಲೆಂಡಿನ ಮಕ್ಕಳಿಗೂ ಆಕೃತಿಗಳ ನಕಲು ಮಾಡಲು ಕೊಟ್ಟಿದ್ದರು. ಪೆನ್ಸಿಲು ಕಾಗದ ಕೊಟ್ಟಾಗ ಇಂಗ್ಲೆಂಡಿನವರು ಮುಂದೆ. ತಂತಿ ಕೊಟ್ಟಾಗ ಜಾಂಬಿಯಾದವರು ಮುಂದೆ, ಏಕೆಂದರೆ ಅಲ್ಲಿನ ಮಕ್ಕಳು ತಂತಿ ಬಾಗಿಸಿ ಆಟದ ಗಾಡಿ ಮಾಡುತ್ತಾ ಬೆಳೆದವರು. ಜೇಡಿಮಣ್ಣು ಕೊಟ್ಟಾಗ ಇಬ್ಬರೂ ಸಮ. ಅಲ್ಲಿ ಯಾರೂ ಒಂದು ಮಾತೂ ಆಡಬೇಕಿರಲಿಲ್ಲ! ಇನ್ನು ಆಕೃತಿಗಳ ಸಾಲು ಪೂರ್ತಿ ಮಾಡುವ ರೇವನ್ ಪರೀಕ್ಷೆ. ಮಾತು ಬೇಡದ ಪರೀಕ್ಷೆಗಳಲ್ಲಿ ಅದೇ ಹಿರಿಯಣ್ಣ. ನೆದರ್‌ಲೆಂಡ್ಸ್‌ನಲ್ಲಿ ಸೈನ್ಯಕ್ಕೆ ಸೇರುವ ಹದಿನೆಂಟರ ಹುಡುಗರ ಅಂಕ ಆ ಬಗೆಯ ಪರೀಕ್ಷೆಯಲ್ಲಿ 1952ರಿಂದ 1982ರ ನಡುವೆ ಸುಮಾರು 20ರಷ್ಟು ಏರಿತ್ತೆಂದು ಜೇಮ್ಸ್ ಫ್ಲಿನ್ ತೋರಿಸಿಕೊಟ್ಟರು. ಮೂವತ್ತು ವರ್ಷಗಳಲ್ಲಿ ಜನರ ಮಿದುಳು ಬದಲಾಗುವುದಿಲ್ಲ. ಬದಲಾದದ್ದು ಶಾಲೆ, ಮನೆ, ದಿನವೂ ಕಣ್ಣಿಗೆ ಬೀಳುವ ವಸ್ತುಗಳು.

ಫ್ಲಿನ್ ಅವರ ಮಾತಿನಿಂದ ಇನ್ನೊಂದು ವಿಷಯಕ್ಕೆ ಬರುತ್ತೇನೆ. ಇದು ತಮ್ಮ ರಾಜ್ಯದ್ದೂ ಹೌದು, ನಮ್ಮ ಭಾಷೆಯದ್ದೂ ಹೌದು.

ಫ್ರಾನ್ಸಿನಲ್ಲಿ 1905ರಲ್ಲಿ ಆಲ್‌ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೋನ್ ಮೊದಲ ಪರೀಕ್ಷೆ ಮಾಡಿದ್ದು ಶಾಲೆಯಲ್ಲಿ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ. ಟರ್ಮನ್ ಅದನ್ನು ಅಮೆರಿಕಕ್ಕೆ ಹೊಂದಿಸಿದರು. ಅದನ್ನು ನಮ್ಮಲ್ಲಿಗೆ ತಂದವರು ವಿ.ವಿ. ಕಾಮತ್. ಆಗ ಧಾರವಾಡ ಮುಂಬೈ ಪ್ರಾಂತ್ಯದಲ್ಲಿತ್ತು. ಕಾಮತರು ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಭಾಷೆಗಳ ಮಕ್ಕಳಿಗಾಗಿ ಆ ಪರೀಕ್ಷೆಯನ್ನು ಪರಿಷ್ಕರಿಸಿ, 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. 1940ರಲ್ಲಿ ಅದು ಪುಸ್ತಕವಾಯಿತು. ಅಂದರೆ ಈ ದೇಶದಲ್ಲಿ ಮಕ್ಕಳ ಬುದ್ಧಿಯನ್ನು ಅವರ ಮಾತಿನಲ್ಲೇ ಅಳೆಯಬೇಕೆಂದು ಹೊರಟ ಮೊದಮೊದಲಿನ ಪ್ರಯತ್ನಗಳಲ್ಲಿ ಒಂದು ಕನ್ನಡದಲ್ಲಿ ಮತ್ತು ಮರಾಠಿಯಲ್ಲಿ, ಒಟ್ಟೊಟ್ಟಿಗೆ, ಮುಂಬೈ ಪ್ರಾಂತ್ಯದ ನೆಲದಲ್ಲಿ ನಡೆಯಿತು. ತೊಂಬತ್ತು ವರ್ಷಗಳ ಬಳಿಕ ಮುಂಬೈಯ ಕನ್ನಡ ಮಗುವಿಗೆ ‘ನಿಮ್ಮ ಭಾಷೆಯಲ್ಲಿ ನಮ್ಮಲ್ಲಿ ಪರೀಕ್ಷೆ ಇಲ್ಲ’ ಎಂದು ಹೇಳಲಾಗುತ್ತಿದೆ.

ಇದಕ್ಕಿಂತ ವಿಚಿತ್ರವೆಂದರೆ, ಬಿನೆ–ಕಾಮತ್ ಪರೀಕ್ಷೆಯನ್ನು ದೇಶದ ಎಷ್ಟೋ ಕಡೆ ಈಗಲೂ ಬಳಸುತ್ತಾರೆ. ಕಾಮತರ ಮೇಲೆ ನನಗೆ ಗೌರವವಿದೆ, ಅವರು ತಮ್ಮ ಕಾಲದ ಕೆಲಸವನ್ನು ಮಾಡಿ ಹೋದರು. ನಾವು ಅದನ್ನು ಪೂಜೆಗಿಟ್ಟ ತಾಮ್ರದ ತಂಬಿಗೆಯಂತೆ ಮುಟ್ಟದೆ ಇಟ್ಟುಕೊಂಡಿದ್ದೇವೆ. ಅಮೆರಿಕದಲ್ಲಿ ಹತ್ತು ವರ್ಷಕ್ಕೆ ಸುಮಾರು 3 ಅಂಕದಂತೆ ಬುದ್ಧಿಸೂಚ್ಯಂಕದ ಸರಾಸರಿ ಏರುತ್ತಾ ಬಂದಿತ್ತು. ಇಲ್ಲಿಯೂ ಶಾಲೆ, ಮುದ್ರಣ, ಟಿವಿ, ಮೊಬೈಲ್ ಎಲ್ಲ ಬಂದಿವೆ. ಹಾಗಾಗಿ 1930ರ ದಶಕದ ಮಕ್ಕಳ ಜೊತೆ ಹೋಲಿಸಿದರೆ ಇಂದಿನ ಮಗುವಿನ ಅಂಕ ಸುಳ್ಳಾಗಿ ಮೇಲೇರುವ ಸಂಭವವಿದೆ, ನಿಜಕ್ಕೂ ನೆರವು ಬೇಕಾದ ಮಗು ಪ್ರಮಾಣಪತ್ರ ಸಿಗದೆ ಮನೆಗೆ ಹೋಗುತ್ತದೆ. ಅತ್ತ ಪರಭಾಷೆಯಲ್ಲಿ ಪರೀಕ್ಷಿಸಿದರೆ ಅಂಕ ಸುಳ್ಳಾಗಿ ಕೆಳಗಿಳಿಯುತ್ತದೆ. ಎರಡು ತಪ್ಪುಗಳು ಒಂದನ್ನೊಂದು ಸರಿದೂಗಿಸುತ್ತವೆ ಎಂದು ಯಾರಾದರೂ ಸಮಾಧಾನ ಪಟ್ಟುಕೊಂಡರೆ, ಅವು ಬೀಳುವುದು ಬೇರೆ ಬೇರೆ ಮಕ್ಕಳ ಮೇಲೆ ಎಂದು ನೆನಪಿಸಬೇಕಾಗುತ್ತದೆ.

ಕಾಮತರ ಬಳಿಕವೂ ಮಹಾರಾಷ್ಟ್ರ ಸುಮ್ಮನೆ ಕುಳಿತಿರಲಿಲ್ಲ. ನಾಗಪುರದ ಆರ್ಥರ್ ಮಾಲಿನ್ 1969ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ವೆಕ್ಸ್‌ಲರ್ ಅವರ ಮಕ್ಕಳ ಬುದ್ಧಿಮತ್ತೆ ಪರೀಕ್ಷೆಯನ್ನು ಭಾರತೀಯ ಮಕ್ಕಳಿಗೆ ಹೊಂದಿಸಿದರು, ಮರಾಠಿ ಹಿಂದಿಗಳಲ್ಲೂ ಒದಗಿಸಿದರು. ಪುಣೆಯಲ್ಲಿ 1962ರಲ್ಲಿ ಆರಂಭವಾದ ಜ್ಞಾನ ಪ್ರಬೋಧಿನಿ ಶಿಕ್ಷಣ ಸಂಸ್ಥೆ ಮರಾಠಿಯಲ್ಲೇ ಹೊಸ ಪರೀಕ್ಷೆಗಳನ್ನು ರೂಪಿಸಿತು. ಮರಾಠಿಗೆ ಇಷ್ಟು ಆಯಿತಲ್ಲ ಎಂದು ನಾನು ಹೊಟ್ಟೆ ಉರಿದುಕೊಳ್ಳುತ್ತಿಲ್ಲ. ಮಾಡಲು ಸಾಧ್ಯವಿದೆ, ಮಾಡಬಲ್ಲವರು ಇದೇ ರಾಜ್ಯದಲ್ಲಿದ್ದಾರೆ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನೊಂದು ಮಗುವಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಅದರ ಕಷ್ಟ ಉಲ್ಟಾ. ಈಕೆ ಕನ್ನಡ ಮಾಧ್ಯಮದಲ್ಲೇ ಓದಿ ಒಂಬತ್ತನೆಯ ತರಗತಿಗೆ ಬಂದವಳು. ತಂದೆ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾರೆ, ಮನೆಮಾತು ತುಳು. ಬಾಯಿಯಲ್ಲಿ ಕೇಳಿದರೆ ಪಾಠವೆಲ್ಲ ಹೇಳುತ್ತಾಳೆ, ಬರೆಯಲು ಕೂತರೆ ಅಕ್ಷರಗಳು ಅದಲುಬದಲಾಗುತ್ತವೆ. ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲು 1996ರಲ್ಲೇ ಮುಂದಾದ ರಾಜ್ಯ ಮಹಾರಾಷ್ಟ್ರ. ಆ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಈ ಹುಡುಗಿಯನ್ನು ಕರೆದುಕೊಂಡು ಹೋದಾಗ ಸಿಕ್ಕ ಉತ್ತರ: ಕನ್ನಡದಲ್ಲಿ ನಮ್ಮಲ್ಲಿ ಇಲ್ಲ, ಊರಿಗೆ ಹೋಗಿ ಮಾಡಿಸಿಕೊಂಡು ಬನ್ನಿ. ಮುಂಬೈಯಲ್ಲಿ ಹುಟ್ಟಿದ ಹುಡುಗಿಗೆ ಊರು ಯಾವುದು? ಕಲಿಕಾ ನ್ಯೂನತೆಯ ಬಗ್ಗೆ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬುದ್ಧಿಸೂಚ್ಯಂಕ 85ಕ್ಕಿಂತ ಹೆಚ್ಚಿದ್ದರೆ ಮಾತ್ರ ಮುಂದಿನ ಹಂತದ ಪರೀಕ್ಷೆ ಎಂದಿತ್ತು. 2024ರಲ್ಲಿ ಮಾರ್ಗಸೂಚಿ ಪರಿಷ್ಕರಣೆಯಾಯಿತು, ಆದರೂ ಬಾಗಿಲ ಬಳಿ ನಾನು ಕೇಳುವುದು ಇನ್ನೂ ಆ 85ರ ಮಾತೇ. ಪರಭಾಷೆಯ ಪರೀಕ್ಷೆಯಲ್ಲಿ 78 ಬಂದ ಮಗು ಅತ್ತ ಬೌದ್ಧಿಕ ಅಂಗವೈಕಲ್ಯದ ಪಟ್ಟಿಗೂ ಸೇರುವುದಿಲ್ಲ, ಇತ್ತ ಕಲಿಕಾ ನ್ಯೂನತೆಯ ಪರೀಕ್ಷೆಗೂ ಅರ್ಹತೆ ಪಡೆಯುವುದಿಲ್ಲ. ಅದನ್ನು ‘ದಡ್ಡ’ ಎಂಬ ಹಳೆಯ ಪಟ್ಟಿಗೆ ಸೇರಿಸುವುದಕ್ಕೆ ಯಾವ ಪ್ರಮಾಣಪತ್ರವೂ ಬೇಡವಲ್ಲ.

ಕನ್ನಡ ಮಕ್ಕಳ ಹೊಣೆ ಕರ್ನಾಟಕದ್ದು ಎಂಬ ಉತ್ತರವನ್ನು ದಯವಿಟ್ಟು ಕೊಡಬೇಡಿ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸುವ ಪ್ರಯತ್ನವನ್ನು ಆಯಾ ರಾಜ್ಯದ ಮೇಲೆ ಹೊರಿಸಿದೆ. ಅದು ಸೇರಿದ್ದು 1956ರ ಏಳನೆಯ ತಿದ್ದುಪಡಿಯಲ್ಲಿ. ಧಾರವಾಡ ಮುಂಬೈ ರಾಜ್ಯವನ್ನು ಬಿಟ್ಟು ಮೈಸೂರಿಗೆ ಸೇರಿದ್ದೂ ಅದೇ ವರ್ಷ. ಗಡಿ ಎಳೆದವರಿಗೆ ಗಡಿಯ ಈಚೆ ಉಳಿಯುವ ಮಕ್ಕಳ ನೆನಪಿತ್ತು. ಈ ರಾಜ್ಯವೂ ಅದನ್ನು ಪಾಲಿಸುತ್ತಲೇ ಬಂದಿದೆ: ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಕನ್ನಡ ಶಾಲೆಗಳಿವೆ. ಹತ್ತನೆಯ ತರಗತಿಯ ಉತ್ತರಪತ್ರಿಕೆಯನ್ನು ಕನ್ನಡದಲ್ಲಿ ಬರೆಯಬಹುದು. ಪಾಠ ಕನ್ನಡದಲ್ಲಿ, ಪರೀಕ್ಷೆ ಕನ್ನಡದಲ್ಲಿ, ಆದರೆ ಈ ಮಗು ಏಕೆ ಕಲಿಯುತ್ತಿಲ್ಲ ಎಂದು ನೋಡುವಾಗ ಮಾತ್ರ ಕನ್ನಡ ಇಲ್ಲ!

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯೂ ಮಕ್ಕಳಲ್ಲಿ ಕಲಿಕಾ ನ್ಯೂನತೆಯನ್ನು ಬೇಗನೆ ಪತ್ತೆ ಹಚ್ಚಬೇಕೆನ್ನುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತನಾಡುವ ಕೂಲಿಕಾರರ ಮಕ್ಕಳನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿ ಮಂದಬುದ್ಧಿಯವರ ತರಗತಿಗೆ ಹಾಕಿದ್ದರು. ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. 1970ರಲ್ಲಿ ‘ಡಯಾನಾ’ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ ರಾಜಿಯಾಗಿ, ಮಕ್ಕಳನ್ನು ಅವರ ಮನೆಮಾತಿನಲ್ಲೂ ಪರೀಕ್ಷಿಸಬೇಕು, ಈಗಾಗಲೇ ಆ ತರಗತಿಗಳಲ್ಲಿರುವವರನ್ನು ಮರುಪರೀಕ್ಷಿಸಬೇಕು ಎಂದು ಸರ್ಕಾರ ಒಪ್ಪಿಕೊಂಡಿತು. ನಮ್ಮ ಕಟ್ಟಡ ಕಾರ್ಮಿಕರು ನ್ಯಾಯಾಲಯಕ್ಕೆ ಹೋಗುವವರಲ್ಲ. ಒಂದು ದಿನದ ಕೂಲಿ ತಪ್ಪಿಸಿಕೊಂಡು ತಪಾಸಣೆಗೆ ಬಂದದ್ದೇ ಅವರ ಪಾಲಿಗೆ ದೊಡ್ಡದು. ಆದ್ದರಿಂದ ತಾವಾಗಿಯೇ ಮಾಡಿ ಎಂದು ಕೇಳುತ್ತಿದ್ದೇನೆ.

ನಾಳೆಯೇ, ಒಂದು ರೂಪಾಯಿ ಖರ್ಚಿಲ್ಲದೆ, ಸುತ್ತೋಲೆಯೊಂದರಿಂದ ಆಗಬಹುದಾದದ್ದು ಇದು: ಮಗುವಿನ ಮನೆಮಾತು, ಪರೀಕ್ಷೆ ನಡೆದ ಭಾಷೆ, ಭಾಷಾಂತರಕ್ಕೆ ಯಾರಿದ್ದರು, ಯಾವ ಪರೀಕ್ಷೆಯ ಯಾವ ಆವೃತ್ತಿ, ಹೋಲಿಕೆಯ ಪಟ್ಟಿ ಯಾವ ವರ್ಷದ ಯಾವ ಮಕ್ಕಳದ್ದು, ತಪ್ಪಿನ ಅಂತರ ಎಷ್ಟು, ಇಷ್ಟನ್ನು ಪ್ರತಿ ವರದಿಯಲ್ಲೂ ಬರೆಯಲೇಬೇಕೆಂದು ಆದೇಶಿಸಿ. ಆ ಪಟ್ಟಿ ಈ ಮಗುವಿಗೆ ಹೊಂದದಿದ್ದರೆ ವರದಿಯ ಮೇಲೆ ತಾತ್ಕಾಲಿಕ ಎಂದು ಬರೆದು ಮರುಪರೀಕ್ಷೆಯ ತಾರೀಕು ಹಾಕಲಿ. ಅಂಥ ತಾತ್ಕಾಲಿಕ ಅಂಕವೊಂದನ್ನೇ ಹಿಡಿದು ಯಾವ ಶಾಲೆಯೂ ಮಗುವನ್ನು ಹೊರಗೆ ಕಳುಹಿಸುವಂತಿಲ್ಲ, ಯಾವ ಕಚೇರಿಯೂ ನೆರವನ್ನು ನಿರಾಕರಿಸುವಂತಿಲ್ಲ. ಕಿವಿ, ಕಣ್ಣುಗಳ ತಪಾಸಣೆ ಮೊದಲು ಆಗಲಿ. ಮಗು ಮನೆಯಲ್ಲಿ ಏನೇನು ಮಾಡುತ್ತದೆ ಎಂದು ತಾಯಿಯನ್ನು ಕೇಳಿ ಬರೆದುಕೊಳ್ಳಲಿ. ಬ್ರೆಜಿಲ್‌ನ ರೆಸಿಫೆ ನಗರದ ಬೀದಿಯಲ್ಲಿ ಮಾರಾಟ ಮಾಡುವ ಮಕ್ಕಳು ವ್ಯಾಪಾರದ ನಡುವೆ ನೂರಕ್ಕೆ 98 ಲೆಕ್ಕಗಳನ್ನು ಸರಿಯಾಗಿ ಮಾಡಿದರು, ಅಂಥದೇ ಲೆಕ್ಕಗಳನ್ನು ಕಾಗದದ ಮೇಲೆ ಬರೆದುಕೊಟ್ಟಾಗ 37ಕ್ಕೆ ಇಳಿದರು ಎಂದು 1985ರ ಅಧ್ಯಯನವೊಂದು ಕಂಡುಕೊಂಡಿತ್ತು. ಮೇಜಿನ ಮುಂದೆ ಕಾಣದ್ದು ಮನೆಯಲ್ಲಿ ಕಾಣಬಹುದು.

ಸ್ವಲ್ಪ ವರ್ಷ ಹಿಡಿಯುವ ಕೆಲಸವೆಂದರೆ ಮಹಾರಾಷ್ಟ್ರದ ಕನ್ನಡ ಮಕ್ಕಳನ್ನು ಒಳಗೊಂಡ ಹೋಲಿಕೆಯ ಪಟ್ಟಿಯನ್ನು ತಯಾರಿಸುವುದು. ಬೆಂಗಳೂರಿನ ಖಾಸಗಿ ಶಾಲೆಗಳಲ್ಲಿ ಕುಳಿತು ಮಾಡಿದ ಕನ್ನಡ ಆವೃತ್ತಿಯನ್ನು ತಂದು ಇಲ್ಲಿಗೆ ಒಪ್ಪಿಸಿದರೆ ನಾವು ಇದ್ದಲ್ಲೇ ಇರುತ್ತೇವೆ. ಸೊಲ್ಲಾಪುರದ ಹಳ್ಳಿಯ ಮಗು, ಮುಂಬೈ ಪಾಲಿಕೆ ಶಾಲೆಯ ಮಗು, ಪುಣೆಯ ಕಟ್ಟಡದ ಬಳಿಯ ಮಗು, ತುಳು ಅಥವಾ ಲಂಬಾಣಿ ಮನೆಮಾತಾಗಿ ಕನ್ನಡದಲ್ಲಿ ಓದುವ ಮಗು, ಎಲ್ಲರೂ ಅದರಲ್ಲಿರಬೇಕು. ಒಂದೇ ಸಾಮರ್ಥ್ಯದ ಇಬ್ಬರು ಮಕ್ಕಳಲ್ಲಿ ಕನ್ನಡದ ಮಗು ಮಾತ್ರ ಪದೇ ಪದೇ ಎಡವುವ ಪ್ರಶ್ನೆ ಯಾವುದು ಎಂದು ಲೆಕ್ಕ ಹಾಕಿ ಕಂಡುಹಿಡಿಯುವ ವಿಧಾನಗಳಿವೆ. ಆ ಪ್ರಶ್ನೆಗಳನ್ನು ತೆಗೆದು ಹಾಕಬೇಕು. ಬಂದ ಅಂಕ ಶಿಕ್ಷಕರ ಅನುಭವದೊಂದಿಗೂ ಮಗುವಿನ ಮುಂದಿನ ಕಲಿಕೆಯೊಂದಿಗೂ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಇದನ್ನೆಲ್ಲ ನಾನು ಕಂಡುಹಿಡಿದದ್ದಲ್ಲ, ಅಂತಾರಾಷ್ಟ್ರೀಯ ಪರೀಕ್ಷಾ ಆಯೋಗ 2017ರಲ್ಲಿ ಪ್ರಕಟಿಸಿದ ಎರಡನೆಯ ಆವೃತ್ತಿಯ ಮಾರ್ಗಸೂಚಿಯಲ್ಲಿ ಹಂತ ಹಂತವಾಗಿ ಇದೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ, ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ದಿವ್ಯಾಂಗಜನರ ಸಂಸ್ಥೆ, ಇಲ್ಲಿನ ವಿಶ್ವವಿದ್ಯಾಲಯಗಳು ಕೂಡಿದರೆ ಕೈಗೂಡದ ಕೆಲಸವಲ್ಲ. ಗೋವಾ ಸರ್ಕಾರವನ್ನೂ ಸೇರಿಸಿಕೊಳ್ಳಿ. ವಾಸ್ಕೋ, ಝುವಾರಿನಗರದ ಮಕ್ಕಳದ್ದೂ ಇದೇ ಪಾಡು. ಕೆಲಸ ಮುಗಿದ ಮೇಲೆ ಪಟ್ಟಿಗಳನ್ನು ಕಂಪನಿಯೊಂದರ ಪೆಟ್ಟಿಗೆಯಲ್ಲಿ ಬೀಗ ಹಾಕಿಡದೆ ಸರ್ಕಾರಿ ಆಸ್ಪತ್ರೆಗಳಿಗೆಲ್ಲ ಸಿಗುವಂತೆ ಮಾಡಿ.

ಅಲ್ಲಿಯವರೆಗೆ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರನ್ನು ತಿಂಗಳಿಗೊಮ್ಮೆಯಾದರೂ ಕರೆಸಬಹುದು, ಅಥವಾ ಭಾಷಾಂತರಕಾರರಿಗೆ ತರಬೇತಿ ಕೊಟ್ಟು ಸಂಬಳಕ್ಕೆ ಇಟ್ಟುಕೊಳ್ಳಬಹುದು. ಬೆಂಚಿನ ಮೇಲೆ ಕುಳಿತ ಆಂಟಿಯಿಂದ ಈ ಕೆಲಸ ಮಾಡಿಸಬೇಡಿ.

ಇನ್ನು ನಮ್ಮ ಸಂಘ ಸಂಸ್ಥೆಗಳವರಿಗೆ. ಮುಂಬೈ, ಪುಣೆಗಳ ಕನ್ನಡ ಸಂಘಗಳು ರಾತ್ರಿಶಾಲೆಗಳನ್ನು ನಡೆಸಿ ಹೋಟೆಲಿನ ಹುಡುಗರನ್ನು ಓದಿಸಿದ ಕಾಲವಿತ್ತು. ಆ ಶಾಲೆಗಳಲ್ಲಿ ಕಲಿತವರು ಇಂದು ಸಂಘಗಳ ಪದಾಧಿಕಾರಿಗಳಾಗಿದ್ದಾರೆ. ರಾಜ್ಯೋತ್ಸವದ ಶಾಲು, ಹಾರ, ಪೇಟ, ನೆನಪಿನ ಕಾಣಿಕೆಗಳ ಖರ್ಚಿನಲ್ಲಿ ಒಂದು ಪಾಲನ್ನು ತೆಗೆದು, ಮನಶ್ಶಾಸ್ತ್ರದಲ್ಲಿ ಎಂ.ಫಿಲ್ ಅಥವಾ ಅದಕ್ಕೆ ಸಮನಾದ ಚಿಕಿತ್ಸಾ ತರಬೇತಿ ಪಡೆಯುವ ಕನ್ನಡದ ಒಬ್ಬ ವಿದ್ಯಾರ್ಥಿಗೆ, ವರ್ಷಕ್ಕೆ ಒಬ್ಬರಿಗಾದರೂ, ಶುಲ್ಕ ಕಟ್ಟಿ. ನಿಮ್ಮ ಸಭಾಭವನವನ್ನು ವಾರಕ್ಕೊಂದು ಬೆಳಿಗ್ಗೆ ತಪಾಸಣೆಗೆ ಬಿಟ್ಟುಕೊಡಿ. ಮತ್ತು ಊರಿನಿಂದ ಬಂದ ಕೂಲಿಕಾರರ ಮಕ್ಕಳೂ ಕನ್ನಡಿಗರೇ ಎಂಬುದನ್ನು ಒಮ್ಮೆ ಅವರ ಶೆಡ್ಡುಗಳ ಬಳಿಗೆ ಹೋಗಿ ಹೇಳಿ ಬನ್ನಿ, ಅವರಿಗೆ ನಿಮ್ಮ ಸಂಘದ ಹೆಸರೇ ಗೊತ್ತಿಲ್ಲ.

ಮಾನ್ಯ ಕಾರ್ಯದರ್ಶಿಗಳೇ, ಪಾಲಿಕೆ ಶಾಲೆಗಳಿಂದ ನಿವೃತ್ತರಾದ ನಾವು ಕೆಲವು ಶಿಕ್ಷಕಿಯರು ಮಕ್ಕಳನ್ನು ಒಟ್ಟುಗೂಡಿಸಲು, ತಾಯಂದಿರ ಜೊತೆ ಮಾತನಾಡಲು, ಅರ್ಜಿ ತುಂಬಿಸಲು ಸಿದ್ಧರಿದ್ದೇವೆ. ಸಂಬಳ ಬೇಡ, ರೈಲಿನ ಪಾಸು ನಮ್ಮಲ್ಲೇ ಇದೆ. ಸುತ್ತೋಲೆಯ ವಿಷಯದಲ್ಲಿ ತಮ್ಮ ತೀರ್ಮಾನವನ್ನು ಜೂನ್‌ನಲ್ಲಿ ಶಾಲೆಗಳು ತೆರೆಯುವ ಮೊದಲು ತಿಳಿಸಬೇಕೆಂದು ಕೋರುತ್ತೇನೆ. ಉತ್ತರ ಮರಾಠಿಯಲ್ಲಿದ್ದರೆ ಅಡ್ಡಿಯಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಕನ್ನಡ ಮಾಧ್ಯಮ
ಡೊಂಬಿವಲಿ